ಅಗತ್ತಿ ಎಷ್ಟು ದೂರ?

"ಶೀನ, ಪೋರ್ಟ್‌ಬ್ಲೇರಿಂದ ಅಗತ್ತಿಗೆ ಎಷ್ಟು ದೂರ, ಸ್ವಲ್ಪ ನೋಡೋ," ಎಂದು ಗಿರಿಜಾಂಬಾ ತಾರಸಿಯ ಮೆಟ್ಟಿಲು ಹತ್ತುತ್ತಲೇ ತಮ್ಮನನ್ನು ಕೇಳಿದರು. ಅಂದು ಸಂಕಷ್ಟಿ. ಬೆಳಗಿನಿಂದ ಉಪವಾಸ, ಚಂದ್ರನನ್ನು ಕಂಡ ಮೇಲೇ ಊಟ. ಬಸವನಗುಡಿಯ ಎತ್ತರದ ಮನೆಗಳ ಸಂದಿಯಲ್ಲಿ ಅವನು ಮೊದಲು ಕಾಣುವುದು ಆ ತಾರಸಿಯ ಒಂದೇ ಮೂಲೆಯಿಂದ.

ಶೀನಣ್ಣ ಮೊಬೈಲಿನ ಮೇಲೆ ಬೆರಳಾಡಿಸಿದರು. "ಎರಡು ಸಾವಿರದ ಇನ್ನೂರು ಕಿಲೋಮೀಟ್ರು, ಅಕ್ಕ."

"ಹೋಗೋ! ಅದೂ ದ್ವೀಪ, ಇದೂ ದ್ವೀಪ. ಅಷ್ಟು ದೂರ ಹೇಗಿರುತ್ತೆ?"

"ಪೋರ್ಟ್‌ಬ್ಲೇರು ಪೂರ್ವದ ಸಮುದ್ರದಲ್ಲಿ, ಅಗತ್ತಿ ಪಶ್ಚಿಮದ ಸಮುದ್ರದಲ್ಲಿ. ಮಧ್ಯ ನಾವೆಲ್ಲ ಇದೀವಿ."

ಗಿರಿಜಾಂಬಾ ಮೆಟ್ಟಿಲ ಮೇಲೇ ನಿಂತುಬಿಟ್ಟರು. ಮೊಮ್ಮಗಳು ವಿಶಾಖಾಗೆ ಪೋರ್ಟ್‌ಬ್ಲೇರಿನ ವಿಮಾನ ನಿಲ್ದಾಣದಲ್ಲಿ ಕೆಲಸ, ಅವಳ ಗಂಡ ಸಮರ್ಥನಿಗೆ ಅಗತ್ತಿಯ ನಿಲ್ದಾಣದಲ್ಲಿ. ಮಲ್ಲೇಶ್ವರದಿಂದ ಮತ್ತಿಕೆರೆಗೆ ಹೋಗಿಬಂದಂತೆ ಇಬ್ಬರೂ ದೋಣಿಯಲ್ಲಿ ಓಡಾಡಿಕೊಂಡಿರುತ್ತಾರೆ ಎಂದು ನಂಬಿ ಈ ಸಂಬಂಧಕ್ಕೆ ಮೊದಲು ಹ್ಞೂಂ ಅಂದವರೇ ಅಜ್ಜಿ. ಈಗ ಯಾರು ವರ್ಗಾವಣೆ ಕೇಳಬೇಕೆಂದು ಇಬ್ಬರಿಗೂ ಜಟಾಪಟಿಯಾಗಿ ಮಾತೇ ನಿಂತುಹೋಗಿತ್ತು. "ಅವನ ಸುದ್ದಿ ಎತ್ಬೇಡ ಅಜ್ಜಿ" ಎಂದು ವಿಶಾಖಾ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

"ಹೋಗೋಕೆ ಎಷ್ಟು ಹೊತ್ತಾಗುತ್ತೆ?"

"ನೇರ ವಿಮಾನ ಇಲ್ಲ. ಬೆಂಗಳೂರಿಗೆ ಬಂದು, ರಾತ್ರಿ ಇಲ್ಲೇ ತಂಗಿ, ಮಾರನೇ ದಿನ ಇನ್ನೊಂದು ಹಿಡೀಬೇಕು."

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇವರು ಒಬ್ಬೊಬ್ರು ಒಂದೊಂದು ಸಮುದ್ರದಲ್ಲಿ ಉಂಡ್ರೆ ಜಗಳ ಮುಗಿಯೋದು ಯಾವಾಗ?" ಎಂದು ಗಿರಿಜಾಂಬಾ ನಿಟ್ಟುಸಿರಿಟ್ಟರು. ಮದುವೆಯಾದ ಮೇಲೆ ಹೆಂಡತಿಗೆ ಜೊತೆಯಾಗಲೆಂದು ಸಮರ್ಥನೂ ಸಂಕಷ್ಟಿ ಹಿಡಿದಿದ್ದ. ಈ ತಿಂಗಳು ಬಿಟ್ಟನೋ ಏನೋ. ಅಷ್ಟರಲ್ಲಿ ಅವರಿಗೆ ಇನ್ನೊಂದು ಯೋಚನೆ ಹೊಳೆಯಿತು. "ಚಂದ್ರ ಇಬ್ರಿಗೂ ಒಟ್ಟಿಗೇ ಕಾಣ್ತಾನೇನೋ?"

"ಇಲ್ಲಕ್ಕ. ಮೊದಲು ವಿಶಾಖಾಗೆ. ಒಂದು ಗಂಟೆ ಆದ್ಮೇಲೆ ನಮಗೆ. ಇನ್ನೂ ಸ್ವಲ್ಪ ಹೊತ್ತಾದ್ಮೇಲೆ ಸಮರ್ಥಂಗೆ."

"ನೋಡು ಮತ್ತೆ, ಚಂದ್ರನೂ ಬೆಂಗಳೂರು ಮೇಲೇ ಹೋಗ್ಬೇಕು!" ಎಂದು ಅಜ್ಜಿ ಅಷ್ಟು ಚಿಂತೆಯಲ್ಲೂ ನಕ್ಕರು.

ಎದುರು ಮನೆಯ ನೀರಿನ ಟ್ಯಾಂಕಿನ ಹಿಂದಿನಿಂದ ಚಂದ್ರ ಮೇಲೆದ್ದ. ಗಿರಿಜಾಂಬಾ ಅರ್ಘ್ಯ ಕೊಟ್ಟು, ಕೈಮುಗಿದು, ಮೊಮ್ಮಗಳಿಗೆ ಫೋನು ಹಚ್ಚಿಸಿದರು.

"ಊಟ ಆಯ್ತೇನೇ?"

"ಇನ್ನೂ ಇಲ್ಲ ಅಜ್ಜಿ."

"ಯಾಕೆ? ಮೋಡಾನಾ? ನಿನಗೆ ಚಂದ್ರ ಕಂಡು ಆಗ್ಲೇ ಒಂದು ಗಂಟೆ ಆಗಿರ್ಬೇಕಲ್ಲ?"

ವಿಶಾಖಾ ಸಣ್ಣ ದನಿಯಲ್ಲಿ ಹೇಳಿದಳು: "ಇಲ್ಲಿ ಯಾವಾಗ್ಲೋ ಬಂದ. ಅಗತ್ತೀಲಿ ಇನ್ನೂ ಬಂದಿಲ್ಲ ಅಜ್ಜಿ."

ಗಿರಿಜಾಂಬಾ ಎಷ್ಟೋ ದಿನದ ಭಾರ ಇಳಿದಂತಾಗಿ ಅಲ್ಲೇ ಕಟ್ಟೆಯ ಮೇಲೆ ಕೂತರು.

"ಏಳಕ್ಕ, ಹೊಟ್ಟೆ ಚುರುಗುಟ್ತಿದೆ," ಎಂದು ಶೀನಣ್ಣ ಅವಸರಿಸಿದರು.

"ಸ್ವಲ್ಪ ತಡ್ಕೊಳೋ," ಎಂದರು ಗಿರಿಜಾಂಬಾ, ಚಂದ್ರನನ್ನೇ ನೋಡುತ್ತ. "ಅವನಿನ್ನೂ ದಾರೀಲಿದಾನೆ."