ಏಳನೆಯ ದಿನದ ಜೊಲ್ಲು

2024ರ ಜೂನ್ 19, ಬುಧವಾರ, ಬೆಳಿಗ್ಗೆ 7 ಗಂಟೆ 40 ನಿಮಿಷ. ಪಂಪಾಪತಿಯ ಹಾರೆ ಎರಡನೆಯ ಸಲ ಮೇಲೆದ್ದಾಗ ಪಶುವೈದ್ಯೆ ನಂದಿನಿ ಅವನಿಗೂ ನಾಯಿಗೂ ನಡುವೆ ನುಗ್ಗಿದಳು. ಮೊದಲ ಏಟು ಗುರಿ ತಪ್ಪಿ ನೀರಿನ ತೊಟ್ಟಿಯ ಅಂಚನ್ನು ಒಡೆದಿತ್ತು.

ಮುಕ್ಕುಂದ ಹಳ್ಳಿಯ ಆ ಓಣಿಯಲ್ಲಿ ಹತ್ತಿಪ್ಪತ್ತು ಜನ. ಕೈಗಳಲ್ಲಿ ಕಲ್ಲು, ಬಡಿಗೆ. ಗೋಡೆಗೆ ಒತ್ತಿಕೊಂಡಿದ್ದ ನಾಯಿ ಹುಲಿಯನ ಬಾಯಿಂದ ಜೊಲ್ಲು ದಾರದಂತೆ ಇಳಿಯುತ್ತಿತ್ತು. ಹಿಂಗಾಲುಗಳು ತೂರಾಡುತ್ತಿದ್ದವು.

ನಂದಿನಿಗೆ ಅಚ್ಚರಿಯಾಗಲಿಲ್ಲ. ಹುಲಿಯನಿಗೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್, ಲಿಂಫೋಮಾ. ಫೆಬ್ರುವರಿಯಿಂದ ಸಿಂಧನೂರಿನ ತನ್ನ ಕ್ಲಿನಿಕ್ಕಿನಲ್ಲಿ ಅವಳೇ ಕೀಮೋ ಕೊಡುತ್ತಿದ್ದಳು. ಕೊನೆಯ ಸೂಜಿ ಹಿಂದಿನ ಬುಧವಾರ. ಏಳನೆಯ ದಿನಕ್ಕೆ ಬಿಳಿ ರಕ್ತಕಣ ಕುಸಿಯುತ್ತವೆ, ಜ್ವರ ಬರುತ್ತದೆ. ಓಕರಿಕೆಗೆ ಜೊಲ್ಲು ಸುರಿಯುತ್ತದೆ. ನರ ಸೋತು ಕಾಲು ಎಳೆಯುತ್ತದೆ. ರಕ್ತ ಪರೀಕ್ಷೆಗೆಂದೇ ಈ ಹೊತ್ತಿಗೆ ಬಂದಿದ್ದಳು.

“ಸರೀರಿ ಮೇಡಂ. ಹುಚ್ಚ ಹಿಡದೈತಿ ಅದಕ್ಕ,” ಎಂದ ಅದೇ ಓಣಿಯ ಪಂಪಾಪತಿ.

“ಹುಚ್ಚಲ್ಲ. ಕ್ಯಾನ್ಸರ್ ಔಷಧಿ ಹಿಂಗ ಮಾಡತೈತಿ. ಲಸಿಕಿ ಆದ ನಾಯಿ ಇದು. ಕಾರ್ಡ ನಾನ ನೋಡೀನಿ.”

“ನಾಯಿಗೆ ಕ್ಯಾನ್ಸರ್ ಅಂತ. ನಾಳೆ ಬಿಪಿ, ಶುಗರ್ ಅಂತೀರಿ.” ಯಾರೋ ನಕ್ಕರು. “ಸಂಗಮ್ಮಕ್ಕನ ಕೈ ನೋಡ್ರಿ. ಅನ್ನ ಹಾಕಿದಾಕಿಗೇ ಕಚ್ಚೈತಿ.”

ನಾಯಿಯ ಒಡತಿ ಸಂಗಮ್ಮ ಅಂಗೈಗೆ ಸೆರಗು ಸುತ್ತಿ ನಿಂತಿದ್ದಳು. “ಗುಳಿಗಿ ನುಂಗಸಾಕ ಹೋಗಿದ್ದೆ. ದವಾಖಾನಿಗೆ ಹೋಗಿ ಸೂಜಿ ಹಾಕಸ್ಕೊಳ್ಳಲೇನ್ರಿ?”

“ಬ್ಯಾಡಕ್ಕ. ಬಾಯಾಗ ಹುಣ್ಣಾಗ್ಯಾವ, ನೋವಿಗೆ ಕಚ್ಚೈತಿ. ನೀ ದವಾಖಾನಿಗೆ ಹೋದಿ ಅಂದ್ರ ಇವರ ಮಾತ ಖರೆ ಅಂದಂಗ ಆಕ್ಕೈತಿ.” ಎಲ್ಲರಿಗೂ ಕೇಳಲೆಂದೇ ನಂದಿನಿ ದನಿ ಏರಿಸಿದ್ದಳು.

ಕಲ್ಲೊಂದು ಬಂದು ಅವಳ ಹುಬ್ಬು ಒಡೆಯಿತು. ಕಣ್ಣಿಗಿಳಿದ ರಕ್ತ ಒರೆಸಿಕೊಳ್ಳುವಷ್ಟರಲ್ಲಿ ಹಾರೆ ಹುಲಿಯನ ಬೆನ್ನುಮೂಳೆ ಮುರಿದಿತ್ತು. ಆಮೇಲೆ ಬಡಿಗೆಗಳು. ಹೊಟ್ಟೆಗೆ, ಪಕ್ಕೆಗೆ, ಮತ್ತೆ ಹೊಟ್ಟೆಗೆ. ನಾಯಿ ಸತ್ತ ಮೇಲೂ ಏಟುಗಳು ಕೆಲಹೊತ್ತು ಬೀಳುತ್ತಲೇ ಇದ್ದವು.

ಸಂಗಮ್ಮನ ಗಂಡ ದೊಡ್ಡಬಸಪ್ಪ ಗದ್ದೆಯಿಂದ ಓಡಿ ಬಂದ. ಏನೂ ಕೇಳಲಿಲ್ಲ. ಹಾರೆ ಕಿತ್ತುಕೊಂಡು ಪಂಪಾಪತಿಯ ಮೊಣಕೈಗೆ ಬೀಸಿದ. ಮೂಳೆ ಚರ್ಮ ಸೀಳಿ ಹೊರಬಂತು. ನಂದಿನಿ ತಡೆಯಬಹುದಿತ್ತು. ತಡೆಯಲಿಲ್ಲ.

ನಾಯಿಯ ತಲೆಗೆ ಮಾತ್ರ ಏಟು ಬಿದ್ದಿರಲಿಲ್ಲ. ಅವಳು ಕೈಗವಸು ತೊಟ್ಟು, ಕತ್ತಿನ ಮೊದಲ ಮೂಳೆಯ ಸಂದು ಹುಡುಕಿ, ತಲೆಯನ್ನು ಕೊಯ್ದು ಐಸಿನ ಡಬ್ಬಿಗಿಟ್ಟಳು. ಮೆದುಳು ಪರೀಕ್ಷಿಸಿ ಪ್ರಯೋಗಾಲಯ ರೇಬೀಸ್ ಇಲ್ಲ ಎಂದು ಬರೆದುಕೊಟ್ಟರೆ ಪಂಪಾಪತಿಯ ಮೇಲೆ ಪೊಲೀಸರಿಗೆ ಕೊಡುವ ದೂರು ಗಟ್ಟಿಯಾಗುತ್ತದೆ. ಸಂಗಮ್ಮನ ಕೈಯನ್ನು ತೊಳೆದು ಪಟ್ಟಿ ಕಟ್ಟಿದವಳೂ ಅವಳೇ.

ಜೂನ್ 28, ಶುಕ್ರವಾರ. ನಂದಿನಿ ಮತ್ತೆ ಮುಕ್ಕುಂದಕ್ಕೆ ಬಂದಳು. ಪಂಪಾಪತಿಯ ತೋಳಿಗೆ ರಾಡು ಹಾಕಿದ್ದರು; ಕೈ ಇನ್ನು ಮಡಚುವುದಿಲ್ಲವಂತೆ. ಅವಳಿಗೆ ಅಯ್ಯೋ ಎನಿಸಲಿಲ್ಲ.

“ಲಸಿಕಿ ಕಾರ್ಡ ಕೊಡಕ್ಕ. ದೂರಿನ ಜೋಡಿ ಹಚ್ಚಬೇಕು.”

ಸಂಗಮ್ಮ ಎಡಗೈಯಲ್ಲಿ ಕಾರ್ಡು ತಂದಳು. ಕೊನೆಯ ಮೊಹರು 2023ರ ಮಾರ್ಚಿನದು.

“ಈ ವರ್ಷದ್ದು?”

“ಈ ವರ್ಷ ಹಾಕಸಿಲ್ಲಲ್ರಿ. ಲಸಿಕಿ ಶಿಬಿರದವರು ಮನಿ ತನಕ ಬಂದಿದ್ರು, ನಾನ ವಾಪಸ್ ಕಳಿಸೀನಿ. ಕೀಮೋ ಮುಗಿಯೂತನ ಬ್ಯಾರೆ ಯಾವ ಸೂಜಿನೂ ಬ್ಯಾಡ ಅಂತ ನೀವ ಹೇಳಿದ್ರಲ್ಲ. ನಿಮ್ಮ ಮಾತ ಒಂದೂ ಮೀರಿಲ್ರಿ ನಾ.”

ನಂದಿನಿಯ ಮೊಬೈಲು ನಡುಗಿತು. ಪ್ರಯೋಗಾಲಯದ ವರದಿ, ಎರಡು ಸಾಲು: ನಾಯಿಯ ಮೆದುಳಿನ ಮಾದರಿ, ರೇಬೀಸ್ ಇದೆ.

“ಏನ್ ಬಂತ್ರಿ? ನಾವು ಗೆದ್ವೇನು?”

ನಂದಿನಿ ಸಂಗಮ್ಮನ ಅಂಗೈ ಹಿಡಿದು ಪಟ್ಟಿ ಬಿಚ್ಚಿದಳು. ಕಚ್ಚಿ ಒಂಬತ್ತು ದಿನ, ಒಂದೂ ಸೂಜಿ ಬಿದ್ದಿಲ್ಲ. ಗಾಯದ ಉದ್ದ 2.4 ಸೆಂಟಿಮೀಟರ್.