ಲೆಫ್ಟ್‌ಓವರ್ ಅಂದರೆ ಏನು?

ಗದಗಿನ ಒಂದು ಹೈಸ್ಕೂಲು. ಒಂಬತ್ತನೇ ಕ್ಲಾಸು, ಸಿ ಸೆಕ್ಷನ್...

ಮಾರ್ಕ್ಸ್ ನೋಡಿ ಎ, ಬಿ ತುಂಬಿಸಿದ ಮೇಲೆ ಉಳಿದ ಮಕ್ಕಳನ್ನೆಲ್ಲ ಅಲ್ಲಿ ಕೂರಿಸಿದ್ದರು.

ಅವತ್ತು ಇಂಗ್ಲಿಷ್ ಟೀಚರ್ ಕಾತ್ಯಾಯಿನಿ ಮೇಡಂ ಬೋರ್ಡಿನ ಮೇಲೆ ಒಂದು ಪದ ಬರೆದರು... ಲೆಫ್ಟ್‌ಓವರ್.

"ಎಲ್ಲಾರೂ ಉಂಡ ಮ್ಯಾಲೆ ಯಾರಿಗೂ ಬ್ಯಾಡಾಗಿ ಉಳೀತೈತಲ್ಲ, ಅದು. ಈಗ ಒಂದು ವಾಕ್ಯ ಮಾಡ್ರಿ."

"ಲೆಫ್ಟ್‌ಓವರ್ ರೈಸ್" ಅಂದ ಒಬ್ಬ. "ಲೆಫ್ಟ್‌ಓವರ್ ಸಾರು" ಅಂದ ಇನ್ನೊಬ್ಬ.

ಆಮೇಲೆ ಫಕೀರವ್ವ ಎದ್ದು ನಿಂತಳು.

"ಸಿ ಸೆಕ್ಷನ್ ಈಸ್ ಲೆಫ್ಟ್‌ಓವರ್."

ಯಾರೂ ನಗಲಿಲ್ಲ...

ಮೇಡಂಗೆ ಮೈಯೆಲ್ಲ ಉರಿದುಹೋಯಿತು. "ಯಾರು ಹಂಗಂದ್ರು ನಿಮಗ? ಎ ಸೆಕ್ಷನ್ ಹುಡುಗರಾ?"

ಹುಡುಗಿ ತಲೆ ತಗ್ಗಿಸಿದಳು.

"ನಡಿ ಹೆಡ್‌ಮಾಸ್ಟರ್ ಹತ್ರ. ಅಂದವರನ್ನ ಇವತ್ತು ನಾನು ಬಿಡಂಗಿಲ್ಲ."

ಹೆಡ್‌ಮಾಸ್ಟರ್ ಮುಂದೆ ನಿಂತರೂ ಮೇಡಂ ಸಿಟ್ಟು ಇಳಿದಿರಲಿಲ್ಲ. "ಅಂದವರಿಗೆ ನಾಚಿಕಿ ಆಗಬೇಕು ಸರ್. ಹೇಳು ಫಕೀರವ್ವ, ಹೆಸರು ಹೇಳು."

ಫಕೀರವ್ವ ನೆಲ ನೋಡುತ್ತಲೇ ಹೇಳಿದಳು...

"ನೀವ ರೀ ಮೇಡಂ. ಜೂನ್‌ನಾಗ ಹಾಜರಿ ಪುಸ್ತಕ ತರಾಕ ಬಂದು ಸ್ಟಾಫ್ ರೂಮಿನ ಬಾಗಲದಾಗ ನಿಂತಿದ್ದೆ. 'ನನಗ ಲೆಫ್ಟ್‌ಓವರ್ ಹುಡುಗರನ್ನ ಕೊಟ್ಟಾರ' ಅಂತ ಫೋನಿನ್ಯಾಗ ಅಂದ್ರಿ. ಅವಾಗ ಅರ್ಥ ಗೊತ್ತಿರಲಿಲ್ಲ ರೀ... ಇವತ್ತು ನೀವ ಕಲಿಸಿದ್ರಿ."

ಮೇಡಂಗೆ ನೆನಪಾಯಿತು. ಹೌದು, ಅಂದಿದ್ದರು. ಅಂದು ಮರೆತೂ ಬಿಟ್ಟಿದ್ದರು.

"ಬಿಡ್ರಿ ಮೇಡಂ, ಮಕ್ಕಳು ಮರೀತಾರ" ಅಂದರು ಹೆಡ್‌ಮಾಸ್ಟರ್.

"ಮೂರು ತಿಂಗಳು ಮರೆತಿಲ್ಲ ಸರ್ ಈಕಿ" ಅಂದರು ಮೇಡಂ. "ಬೇರೆಯವರಿಗೆ ಬೈಯಾಕ ಎಷ್ಟು ಜೋರಾಗಿ ಬಂದೆ ನೋಡ್ರಿ ನಾನು."

ಕ್ಲಾಸಿಗೆ ವಾಪಸ್ ಹೋದರು. ತುಂಬಿದ ಕಣ್ಣು ಒರೆಸಿಕೊಳ್ಳದೆ ಎಲ್ಲರ ಎದುರು ನಿಂತರು.

"ನಿಮಗ ಲೆಫ್ಟ್‌ಓವರ್ ಅಂದಾಕಿ ನಾನು. ಅದು ತಪ್ಪು. ಕ್ಷಮಿಸ್ರಿ ಅಂತ ಕೇಳ್ತೀನಿ... ಕ್ಷಮಿಸೋದು ಬಿಡೋದು ನಿಮಗ ಬಿಟ್ಟದ್ದು."

ಮೂರನೇ ಬೆಂಚಿನಲ್ಲಿ ಯಾರೋ ಮೂಗು ಎಳೆದುಕೊಂಡರು.

ಫಕೀರವ್ವ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದಳು... ಆಮೇಲೆ ನಿಧಾನವಾಗಿ ಪುಸ್ತಕ ತೆರೆದಳು.

ನಾವು ಬೇಸರದಲ್ಲಿ ಆಡಿ ಮರೆತ ಒಂದು ಮಾತನ್ನೇ ಒಂದು ಮಗು ತನ್ನ ಹೆಸರು ಅಂದುಕೊಂಡು ಬದುಕುತ್ತದೆ.

ನಿಮ್ಮ ಬಾಯಿಂದ ಅಂಥ ಮಾತು ಕೊನೆಯ ಸಲ ಬಂದಾಗ... ಬಾಗಿಲ ಹತ್ತಿರ ಯಾರು ನಿಂತಿದ್ದರು?