ಗ್ರೀಸ್ ಸಾಲದೆ ಅಲ್ಲ

ತಿರುಗುತ್ತಿದ್ದ ಮೋಟಾರಿನ ಶಾಫ್ಟಿಗೆ ಅಳತೆಯ ಬ್ರಷ್ ತಾಗಿಸಿದೊಡನೆ ಇಂಜಿನಿಯರಮ್ಮನ ಮೀಟರಿನಲ್ಲಿ ವೋಲ್ಟೇಜ್ ಜಿಗಿಯಿತು. "ನೋಡಿ ಸಾರ್, ಬೇರಿಂಗ್ ಹಾಳಾಗಿದ್ದು ಗ್ರೀಸ್ ಸಾಲದೆ ಅಲ್ಲ. ಶಾಫ್ಟಿನ ಕರೆಂಟು ಅದರೊಳಗೆ ಹರಿದು ಸುಟ್ಟಿದೆ. ಕರೆಂಟನ್ನ ನೆಲಕ್ಕಿಳಿಸೋ ಅರ್ತಿಂಗ್ ಬ್ರಷ್ ಎಲ್ಲಿ?"

"ಅದು ಕಿರುಗುಟ್ಟುತ್ತಿತ್ತು. ನಾನೇ ತೆಗೆಸಿದೆ," ಎಂದು ಮ್ಯಾನೇಜರ್ ಅವಳ ಕಿವಿಯ ಬಳಿ ಗೊಣಗಿದರು. ಗ್ರೀಸ್ ಹಾಕುವ ಮುದುಕನನ್ನು ಬೆಳಿಗ್ಗೆ ಎಲ್ಲರೆದುರು "ಮೈಗಳ್ಳ, ಮನೆಗೆ ನಡಿ" ಎಂದು ಗದರಿದ ಬಾಯಿ ಅದೇ. ಮುದುಕ ಹೋಗಿರಲಿಲ್ಲ. ಮೀಟರಿನ ತಂತಿ ಶಾಫ್ಟಿಗೆ ಸುತ್ತಿಕೊಂಡು ಅವಳ ಕೈಗೆ ಪೆಟ್ಟಾಗದಿರಲೆಂದು ಅದನ್ನು ದೂರ ಹಿಡಿದು ನಿಂತಿದ್ದ.

"ಆಯ್ತು, ನಾಳೆಯಿಂದ ಬರಲಿ ಬಿಡಿ," ಎಂದರು ಮ್ಯಾನೇಜರ್, ಮತ್ತೆ ಮೆಲ್ಲಗೆ.

"ಬೈಯುವಾಗ ಊರಿಗೆಲ್ಲ ಕೇಳಿಸ್ತು, ಈಗ ಪಿಸುಮಾತಾ?"

"ಹೋಗ್ಲಿ ಬಿಡಮ್ಮ," ಎಂದ ಮುದುಕ.

"ನೀವು ಸುಮ್ನಿರಿ ಅಜ್ಜ." ಅವಳು ಮೋಟಾರು ನಿಲ್ಲಿಸಿದಳು. ಸದ್ದಡಗಿದ ಶೆಡ್ಡಿನಲ್ಲಿ ಎಲ್ಲರೂ ಇತ್ತ ತಿರುಗಿದರು.

"ಈಗ ಹೇಳಿ ಸಾರ್."